ಫಾಲ್ ಲೈನ್ ಅಂದರೆ ಬೀಳುವ ಗೆರೆಯಲ್ಲ

ಹಿಮದ ಮೇಲೆ ಜಾರುವ ಸ್ಕೀಯಿಂಗ್ ಕಲಿಯಲು ಹೋದ ಮೊದಲ ದಿನ ಬೆಳಿಗ್ಗೆ ತರಬೇತುದಾರರು, ‘ಫಾಲ್ ಲೈನ್‌ಗೆ ಅಡ್ಡವಾಗಿ ನಿಂತ್ಕೊಳ್ಳಿ’ ಅಂದರು. ಫಾಲ್ ಅಂದರೆ ಬೀಳುವುದು ತಾನೇ, ಎಲ್ಲರೂ ಬೀಳುವ ಕಡೆ ಗೆರೆ ಎಳೆದಿರಬೇಕು ಅಂದುಕೊಂಡು ನಾನು ಹಿಮದ ಮೇಲೆ ಅದನ್ನು ಹುಡುಕತೊಡಗಿದೆ. ಹುಡುಕುತ್ತಿದ್ದಂತೆ ಕಾಲಿಗೆ ಸಿಕ್ಕಿಸಿದ್ದ ಉದ್ದನೆಯ ಪಟ್ಟಿಗಳ, ಅಂದರೆ ಸ್ಕೀಗಳ ಮೂತಿ ಮೆಲ್ಲಗೆ ಕೆಳಮುಖವಾಯಿತು. ಹತ್ತು ಮಾರು ಜಾರಿಹೋಗಿ ಬಿದ್ದೆ.

ಅವರು ಪಕ್ಕಕ್ಕೆ ಬಂದು, ಒಂದು ಹಿಡಿ ಹಿಮವನ್ನು ಉಂಡೆ ಕಟ್ಟಿ ಕೈಬಿಟ್ಟರು. ಉಂಡೆ ಉರುಳಿತು. ‘ಅದು ಹೋಯ್ತಲ್ಲ, ಅದೇ ಫಾಲ್ ಲೈನ್.’ ನಿಂತಲ್ಲಿಂದ ನೀರು ಸುರಿದರೆ ಯಾವ ಕಡೆ ಹರಿಯುತ್ತದೋ ಆ ದಾರಿ. ಪಿಸ್ಟ್, ಅಂದರೆ ಯಂತ್ರ ಓಡಿಸಿ ಹದ ಮಾಡಿದ ಸ್ಕೀ ಹಾದಿ, ಒಂದು ಕಡೆ ಹೋಗುತ್ತಿದ್ದರೆ ಫಾಲ್ ಲೈನ್ ಇನ್ನೊಂದು ಕಡೆ ಎಳೆಯುತ್ತಿರಬಹುದು. ನೆಲ ಪಕ್ಕಕ್ಕೆ ವಾಲಿದ್ದರೆ ಹಾಗಾಗುತ್ತದೆ. ಅಡ್ಡ ನಿಂತರೆ ನಿಲ್ಲುತ್ತೀರಿ, ಅದರ ಕಡೆ ಮೂತಿ ತಿರುಗಿಸಿದರೆ ವೇಗ. ಸ್ಕೀಯಿಂಗ್‌ನ ಉಳಿದ ಮುಕ್ಕಾಲು ಪದಗಳು ಇದನ್ನೇ ಸುತ್ತುತ್ತವೆ. ಹಾಗಿದ್ದೂ ಪದಪಟ್ಟಿಗಳಲ್ಲಿ ಇದನ್ನು ಎಲ್ಲೋ ನಡುವೆ ತುರುಕಿರುತ್ತಾರೆ.

ಇನ್ನೊಂದು ಪದ ನನಗೆ ನೋವು ಕೊಟ್ಟೇ ಕಲಿಸಿತು: ಬೈಂಡಿಂಗ್. ಬೂಟನ್ನು ಸ್ಕೀಗೆ ಕಚ್ಚಿಸುವ ಭಾಗ ಇದು. ಉಂಗುಟದ ಕಡೆಯನ್ನು ಮೊದಲು ತೂರಿಸಿ, ಹಿಮ್ಮಡಿ ಒತ್ತಿದರೆ ‘ಟಕ್’ ಅನ್ನುತ್ತದೆ. ಅಟ್ಟೆಗೆ ಹಿಮ ಮೆತ್ತಿಕೊಂಡಿದ್ದರೆ ಎಷ್ಟು ಒತ್ತಿದರೂ ಕೂರುವುದಿಲ್ಲ, ಕೋಲಿನಿಂದ ಕೆರೆದು ತೆಗೆಯಬೇಕು. ಆದರೆ ಬೈಂಡಿಂಗ್‌ನ ನಿಜವಾದ ಕೆಲಸ ಹಿಡಿದುಕೊಳ್ಳುವುದಲ್ಲ, ಬಿದ್ದಾಗ ಬಿಟ್ಟುಬಿಡುವುದು. ಎಷ್ಟು ಬಲಕ್ಕೆ ಬಿಡಬೇಕು ಅನ್ನುವ ಅಂಕಿಗೆ ಡಿನ್ ಅನ್ನುತ್ತಾರೆ. ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಸ್ಕೀ ಮಾಡುವ ಮಟ್ಟ ಇವಿಷ್ಟನ್ನೂ ನೋಡಿ ಅದನ್ನು ಹೊಂದಿಸುತ್ತಾರೆ. ಸ್ಕೀ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ‘ಹೊಸಬರಾ?’ ಅಂತ ಕೇಳಿದಾಗ ನಾಚಿಕೆಗೆ ‘ಸುಮಾರಾಗಿ ಬರುತ್ತೆ’ ಅಂದುಬಿಟ್ಟಿದ್ದೆ. ಅಂಕಿ ಮೇಲೇರಿತು. ಮಧ್ಯಾಹ್ನ ನಿಧಾನವಾಗಿ, ಕೂತ ಹಾಗೆ ಬಿದ್ದೆ. ಸ್ಕೀ ಬಿಡಲೇ ಇಲ್ಲ, ಮೊಣಕಾಲು ತಿರುಚಿತು. ಎರಡು ದಿನ ಮೆಟ್ಟಿಲನ್ನು ಪಕ್ಕಕ್ಕೆ ತಿರುಗಿಕೊಂಡೇ ಇಳಿದೆ. ಅಲ್ಲಿ ಮಾತ್ರ ದಯವಿಟ್ಟು ಸುಳ್ಳು ಹೇಳಬೇಡಿ.

ಜಾರುವುದನ್ನು ನಿಲ್ಲಿಸಲು ಎಲ್ಲಕ್ಕಿಂತ ಮೊದಲು ಹೇಳಿಕೊಡುವುದು ಸ್ನೋಪ್ಲೌ. ಸ್ಕೀಗಳ ಮೂತಿ ಹತ್ತಿರ, ಬಾಲ ದೂರ. ಮೇಲಿನಿಂದ ನೋಡಿದರೆ ತ್ರಿಕೋನ. ಮಕ್ಕಳಿಗೆ ಇದನ್ನೇ ‘ಪಿಜ್ಜಾ’ ಅನ್ನುತ್ತಾರೆ. ದೊಡ್ಡವರಿಗೂ ಹಾಗೇ ಹೇಳಿದರೆ ಒಳ್ಳೆಯದು ಅಂತ ನನ್ನ ಅನಿಸಿಕೆ, ಕಾಲಿಗೆ ಬೇಗ ಅರ್ಥವಾಗುತ್ತದೆ. ಆಮೇಲೆ ಬರುವ ಪ್ಯಾರಲಲ್‌ನಲ್ಲಿ ಎರಡೂ ಸ್ಕೀ ಜೊತೆಜೊತೆಗೇ ತಿರುಗುತ್ತವೆ.

‘ಡೌನ್‌ಹಿಲ್ ಸ್ಕೀ ಮೇಲೆ ಭಾರ ಹಾಕಿ’ ಅನ್ನುವ ಮಾತು ನನ್ನನ್ನು ಅರ್ಧ ದಿನ ಸತಾಯಿಸಿತು. ಅದು ಎಡಗಾಲೋ ಬಲಗಾಲೋ ಅಂತ ಗಟ್ಟಿ ಮಾಡಿಕೊಳ್ಳಲು ನೋಡಿದೆ. ಅದು ಯಾವ ಕಾಲಿನ ಹೆಸರೂ ಅಲ್ಲ! ಅಡ್ಡ ನಿಂತಾಗ ಇಳಿಜಾರಿನ ಕೆಳಬದಿಗೆ ಯಾವುದಿದೆಯೋ ಅದು. ತಿರುಗಿ ಎದುರು ದಿಕ್ಕಿಗೆ ಹೊರಟರೆ ಇನ್ನೊಂದು. ತಿರುವಿನ ಕೊನೆಗೆ ಕೆಳಬದಿಗೆ ಬರುವುದನ್ನೇ ತಿರುವಿನೊಳಗೆ ಹೊರಗಿನ ಸ್ಕೀ ಅನ್ನುವುದು: ಎಡಕ್ಕೆ ತಿರುಗುವಾಗ ಬಲಗಾಲಿನದು. ಭಯವಾದಾಗ ಮೈ ತಾನಾಗಿಯೇ ಬೆಟ್ಟದ ಕಡೆ ವಾಲುತ್ತದೆ, ಹಿಂದಕ್ಕೆ ಕೂರುತ್ತದೆ. ಆಗ ಹೊರಗಿನ ಸ್ಕೀ ಹಗುರಾಗಿ, ತಿರುವು ಮುಗಿಯುವುದೇ ಇಲ್ಲ. ‘ಮುಂದಕ್ಕೆ ಬಾಗಿ’ ಅಂದರೆ ಸೊಂಟ ಬಗ್ಗಿಸುವುದಲ್ಲ, ಮೊಣಕಾಲ ಕೆಳಗಿನ ಮೂಳೆ ಬೂಟಿನ ನಾಲಿಗೆಯನ್ನು ಒತ್ತುತ್ತಿರಬೇಕು.

ಹಾದಿಯ ಬಣ್ಣಗಳು ಎಲ್ಲ ಕಡೆ ಒಂದೇ ಅಲ್ಲ. ಯೂರೋಪಿನಲ್ಲಿ ನೀಲಿ, ಕೆಂಪು, ಕಪ್ಪು ಅಂತ ಕಷ್ಟ ಏರುತ್ತದೆ, ಕೆಲವೆಡೆ ನೀಲಿಗಿಂತ ಮೊದಲು ಹಸಿರೂ ಇದೆ. ಉತ್ತರ ಅಮೆರಿಕದಲ್ಲಿ ಹಸಿರು ವೃತ್ತ, ನೀಲಿ ಚೌಕ, ಕಪ್ಪು ವಜ್ರ. ಬೆಳಿಗ್ಗೆ ಮೆತ್ತಗಿದ್ದ ನೀಲಿ ಹಾದಿಯೇ ಸಂಜೆ ಮಂಜುಗಡ್ಡೆಯಾಗಿ ಹೆದರಿಸಬಹುದು. ಮೊಗಲ್ ಅಂತ ಕಂಡರೆ ಮೊಘಲರನ್ನು ನೆನೆಯಬೇಡಿ. ಒಂದೇ ಜಾಗದಲ್ಲಿ ಎಲ್ಲರೂ ತಿರುಗಿ ತಿರುಗಿ ಎದ್ದ ಹಿಮದ ದಿಬ್ಬಗಳು ಅವು. ಹೊಸಬರಿಗೆ ಬೇಡ.

ನಿಯಮಗಳಲ್ಲಿ ಒಂದನ್ನಂತೂ ಬಾಯಿಪಾಠ ಮಾಡಿ: ಮುಂದೆ, ಕೆಳಗೆ ಇರುವವರಿಗೆ ಮೊದಲ ಹಕ್ಕು, ತಪ್ಪಿಸಿಕೊಂಡು ಹೋಗಬೇಕಾದ್ದು ಹಿಂದಿನಿಂದ ಬರುವವರು.

ಎಡ್ಜ್ ಅಂದರೆ ಸ್ಕೀಯ ತಳದ ಎರಡೂ ಬದಿಗಿರುವ ಉಕ್ಕಿನ ಅಂಚು. ಮೂರನೇ ದಿನ ಸೈಡ್‌ಸ್ಲಿಪ್ ಕಲಿಯುತ್ತಿದ್ದೆ, ಅಡ್ಡ ನಿಂತು, ಅಂಚನ್ನು ಸ್ವಲ್ಪವೇ ಸಡಿಲಿಸಿ ಪಕ್ಕಕ್ಕೆ ಜಾರುವುದು. ಚೆನ್ನಾಗಿ ಬರುತ್ತಿದೆ ಅನ್ನಿಸಿತು. ಅಂಚನ್ನು ಒಂದು ಕೂದಲೆಳೆ ಜಾಸ್ತಿ ಸಡಿಲಿಸಿದೆ, ಕೆಳಬದಿಯ ಅಂಚು ಹಿಮಕ್ಕೆ ಸಿಕ್ಕಿತು, ಮರುಕ್ಷಣ ಭುಜ ನೆಲದಲ್ಲಿತ್ತು. ‘ಎಡ್ಜ್ ಹಿಡೀತು’ ಅಂದರು ತರಬೇತುದಾರರು. ಈ ಸಲ ಬೈಂಡಿಂಗ್ ಬಿಟ್ಟಿತ್ತು. ಒಂದು ಸ್ಕೀ ನನಗಿಂತ ಹತ್ತು ಅಡಿ ಕೆಳಗೆ, ಫಾಲ್ ಲೈನ್‌ನಲ್ಲೇ, ಬೂಟು ಕಳಚಿದೊಡನೆ ಕೆಳಗೆ ಚಾಚಿಕೊಳ್ಳುವ ಬ್ರೇಕಿನ ಎರಡು ಕಡ್ಡಿ ಹಿಮಕ್ಕೆ ಊರಿಕೊಂಡು ನಿಂತಿತ್ತು.