ಎರಡು ವಾರಕ್ಕೆ ಒಂದೇ ಕಥೆ

ಎರಡು ವರ್ಷದ ಮಕ್ಕಳಿಗೆ ಅದೇ ಕಥೆಯನ್ನು ಹತ್ತು ದಿನ ಹೇಳಿದರೆ ಫೀಸು ಯಾರು ಕೊಡ್ತಾರೆ ಅಂತ ಹನುಮಂತನಗರದ ಸುತ್ತಮುತ್ತ ಪ್ಲೇ ಹೋಮ್ ನಡೆಸುವ ಉಳಿದವರು ನಮ್ಮನ್ನು ನೋಡಿ ನಕ್ಕಿದ್ದರು. ಈಗ ಅವರೇ ನಮ್ಮ ಕಥೆ ಚೀಲವನ್ನು, ಅಂದರೆ ಕಥೆಗೆ ಬೇಕಾದ ಸಾಮಾನಿನ ಚೀಲವನ್ನು, ಒಂದು ದಿನದ ಮಟ್ಟಿಗೆ ಕೇಳುತ್ತಾರೆ. ಕೊಡುತ್ತೇನೆ. ಆದರೆ ಬರೀ ಚೀಲ ಇದ್ದರೆ ಮಕ್ಕಳು ಕೂರುವುದಿಲ್ಲ.

ಮೊದಲು ದುಡ್ಡು ಹೋದ ಲೆಕ್ಕ. ಪ್ಲಾಸ್ಟಿಕ್ ಜಾರುಬಂಡೆ, ಬಾಲ್ ಪೂಲ್ ಸೇರಿ 22,000ದ ಹತ್ತಿರ. ಒಂದು ಮಗು ಅದರೊಳಗೆ ಉಚ್ಚೆ ಹೊಯ್ದರೆ ನಾನೂರು ಚೆಂಡು ತೊಳೆಯಬೇಕು. ಟ್ಯಾಂಕರ್ ನೀರು ಕೊಳ್ಳುವ ಬೇಸಿಗೆಯಲ್ಲಿ ಆಗುವ ಮಾತಾ ಅದು? ಗುಜರಿಗೆ ಹಾಕಿದಾಗ ಸಿಕ್ಕಿದ್ದು 1,500. ಚನ್ನಪಟ್ಟಣದ ಆಟಿಕೆಗಳನ್ನು ದಿನಾ ಸ್ಯಾನಿಟೈಸರ್ ಹಾಕಿ ಒರೆಸಿ ಕೆಡಿಸಿದೆವು. ಅದರ ಬಣ್ಣ ಅರಗಿನದು, ಸ್ಪಿರಿಟ್ ತಾಗಿದರೆ ಕರಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಿಗಿಟ್ಟರೆ ಸಾಕಿತ್ತು. ಈಗಿನ ಸಾಮಾನು ಎಲ್ಲಾ ಸೇರಿ ನಾಲ್ಕು ಸಾವಿರ ದಾಟಿಲ್ಲ: ಜಮಖಾನ, ಸ್ಟೀಲ್ ಲೋಟ, ಡಬ್ಬಿ, ಬಟ್ಟೆ ಕ್ಲಿಪ್, ಒಂದು ಬಟ್ಟೆಯ ಬೆಕ್ಕು.

ಕಥೆ ಇಷ್ಟೇ. ಮಳೆಯಲ್ಲಿ ನೆನೆದ ಬೆಕ್ಕು ನಾಲ್ಕು ಮನೆ ಬಾಗಿಲು ತಟ್ಟುತ್ತದೆ. ಒಂದರಲ್ಲಿ ಮಕ್ಕಳು ಹಾಲು ಸುರಿಯಬೇಕು, ಇನ್ನೊಂದರಲ್ಲಿ ಡಬ್ಬಿ ಮುಚ್ಚಳ ತಿರುಗಿಸಬೇಕು, ಮೂರನೆಯದರಲ್ಲಿ ರೊಟ್ಟಿ ತಟ್ಟಬೇಕು, ಕೊನೆಯದರಲ್ಲಿ ಬೆಕ್ಕಿನ ಟವೆಲನ್ನು ಹಗ್ಗಕ್ಕೆ ಹಾಕಿ ಕ್ಲಿಪ್ ಸಿಕ್ಕಿಸಬೇಕು. ಮುಂದೆ ಪೆನ್ಸಿಲ್ ಹಿಡಿಯಲು ಬೇಕಾದ ಕೈಯೆಲ್ಲ ಇಲ್ಲೇ ತಯಾರಾಗುತ್ತದೆ.

ನಾವು ಮೊದಲು ಎಡವಿದ್ದು ಕ್ರಮದಲ್ಲಿ. ಕಥೆ ಹೇಳಿ ಆಮೇಲೆ ಆಟಕ್ಕೆ ಬಿಡುತ್ತಿದ್ದೆವು. ಹನ್ನೆರಡು ಮಕ್ಕಳಲ್ಲಿ ಎಂಟು ನಾಲ್ಕನೇ ನಿಮಿಷಕ್ಕೆ ಎದ್ದು ಹೋಗುತ್ತಿದ್ದವು. ಈಗ ಮೊದಲ ಎರಡು ದಿನ ಬರೀ ಆಟ, ಮೂರನೇ ದಿನದಿಂದ ಕಥೆ. ಲೋಟ ಚೀಲದಿಂದ ಹೊರಬಂದ ಕೂಡಲೇ ಮಕ್ಕಳಿಗೆ ಗುರುತು ಸಿಗುತ್ತದೆ, ಕೂರುತ್ತವೆ. ಗುಂಪಿಗೆ ಎಂಟೇ ಮಕ್ಕಳು, ಕಥೆ ಆರೇಳು ನಿಮಿಷ. ಹೊತ್ತು ತಿಂಡಿ ಆದಮೇಲೆ, ಹತ್ತು ಮುಕ್ಕಾಲರ ಸುಮಾರಿಗೆ. ಹನ್ನೊಂದೂವರೆ ದಾಟಿದರೆ ಆಕಳಿಕೆ ಶುರು. ಕಿಟಕಿಗೆ ಬೆನ್ನು ಹಾಕಿ ಕೂತು ಕಥೆ ಹೇಳಬೇಡಿ. ಮುಖ ಕಪ್ಪಾಗಿ ಕಾಣುತ್ತದೆ, ತುಟಿ ಕಾಣದೆ ಮಾತು ಹತ್ತುವುದಿಲ್ಲ. ಸಂಪ್ ಮೋಟಾರನ್ನೂ ಆಗ ಹಾಕಬೇಡಿ.

ಇಡೀ ಕಥೆಯ ಕೀಲಿ ಒಂದು ಸಾಲು: "ಟಕ ಟಕ ಟಕ, ಬಾಗಿಲು... ತೆಗೀರಿ." ಐದನೇ ದಿನದಿಂದ ಕೊನೆಯ ಪದ ನಾವು ಹೇಳುವುದಿಲ್ಲ. ಮನಸ್ಸಿನಲ್ಲೇ ಐದು ಎಣಿಸುತ್ತೇವೆ. ಸಹಾಯಕಿಯರಿಗೆ ಆ ಐದು ಎಣಿಕೆ ಸುಮ್ಮನಿರುವುದೇ ಕಷ್ಟ, ಎರಡಕ್ಕೇ ಬಾಯಿ ಹಾಕುತ್ತಾರೆ. ಕಾದರೆ ಒಂದು ಮಗು "ತೆಗೀ" ಅನ್ನುತ್ತದೆ, ಎಂಟನೇ ದಿನದ ಹೊತ್ತಿಗೆ ಐದಾರು ಮಕ್ಕಳು ಕೂಗುತ್ತವೆ. ಅರ್ಧದಷ್ಟು ಮನೆಗಳಲ್ಲಿ ತೆಲುಗು, ತಮಿಳು, ಉರ್ದು. ಮಗು ತೆಲುಗಿನಲ್ಲಿ "ಪಿಲ್ಲಿ" ಅಂದರೆ ತಿದ್ದುವುದಿಲ್ಲ, "ಹೌದು, ಬೆಕ್ಕು ಬಂತು" ಅಂತ ಮುಂದೆ ಹೋಗುತ್ತೇವೆ.

ಸುರಿಯುವ ಆಟಕ್ಕೆ ಮೊದಲು ರಾಜ್ಮಾ ಇಟ್ಟಿದ್ದು ದೊಡ್ಡ ತಪ್ಪು. ಮೂಗಿಗೆ ಹೋಗುತ್ತದೆ, ಗಂಟಲಿಗೂ ಸಿಕ್ಕುತ್ತದೆ. ಟಿಶ್ಯೂ ರೋಲಿನ ರಟ್ಟಿನ ಕೊಳವೆಯೊಳಗೆ ತೂರುವ ಬಿಡಿ ವಸ್ತು ಮೂರು ವರ್ಷದೊಳಗಿನವರ ಕೈಗೆ ಬೇಡ. ರಾಗಿ ತಂದೆವು, ಟೈಲ್ಸ್ ಮೇಲೆ ಚೆಲ್ಲಿ ದೊಡ್ಡವರೇ ಜಾರಿದೆವು. ಈಗ ನೀರು. ಲೋಟಕ್ಕೆ ಕಾಲು ಭಾಗ ಮಾತ್ರ, ಕೆಳಗೆ ಅಗಲವಾದ ತಟ್ಟೆ, ಪಕ್ಕದಲ್ಲೇ ಒಬ್ಬರು. ಲೋಟ ಹಗುರವಾಗಿದ್ದರೆ ಮಗುವಿನ ಕೈ ಹದ ತಪ್ಪುತ್ತದೆ, ತಳ ದಪ್ಪ ಇರುವುದೇ ಬೇಕು. ಯಾವುದೇ ಸಾಮಾನಾಗಲಿ ಎರಡೆರಡು ಇಡಿ. ಈ ವಯಸ್ಸಿಗೆ ಹಂಚಿಕೊಳ್ಳುವುದು ಬರುವುದಿಲ್ಲ, ಬೈದರೂ ಬರುವುದಿಲ್ಲ.

ರೊಟ್ಟಿಗೆ ಎರಡು ಲೋಟ ಮೈದಾ, ಒಂದು ಲೋಟ ಉಪ್ಪಿನ ಹಿಟ್ಟು ಕಲಸಿದ್ದೆವು. ವಾರಗಟ್ಟಲೆ ಕೆಡುವುದಿಲ್ಲ ನಿಜ, ಆದರೆ ಮಕ್ಕಳು ನುಂಗುತ್ತವೆ. ಅಷ್ಟು ಉಪ್ಪು ಹೊಟ್ಟೆಗೆ ಹೋಗಬಾರದು. ರಾಗಿ ಹಿಟ್ಟು ಬಿಸಿಯಲ್ಲಿ ಅಂಟಿತು, ಆರಿದ ಮೇಲೆ ಬಿರಿಯಿತು. ಕೊನೆಗೆ ಉಳಿದದ್ದು ಚಪಾತಿ ಹಿಟ್ಟೇ: ಕಾಲು ಕೆಜಿಗೆ ಒಂದು ಚಮಚ ಎಣ್ಣೆ, ದಿನಾ ಹೊಸದು. ಅರಿಶಿನ ಹಾಕಿ ನೋಡಿದೆವು, ಯೂನಿಫಾರ್ಮ್ ಕಲೆಗೆ ಅಮ್ಮಂದಿರ ಬೈಗುಳ ಬೇರೆ.

ಮರದ ಕ್ಲಿಪ್ಪಿನ ಸ್ಪ್ರಿಂಗ್ ಎರಡು ವರ್ಷದ ಬೆರಳಿಗೆ ಬಿಗಿ. ಪ್ಲಾಸ್ಟಿಕ್‌ನದು ಮುರಿದು ತಂತಿ ಕೈಗೆ ಬರುತ್ತದೆ. ಮರದ್ದನ್ನೇ ಸಡಿಲ ಮಾಡುವ ಉಪಾಯ ನಮ್ಮಲ್ಲಿದೆ, ಅದೊಂದನ್ನು ಇಲ್ಲಿ ಬರೆಯುವುದಿಲ್ಲ.

ಎ ಬಿ ಸಿ ಡಿ ಬರೆಸುತ್ತಿಲ್ಲ ಅಂತ ಮೊದಲ ವರ್ಷ ಮೂವರು ಪೋಷಕರು ಮಕ್ಕಳನ್ನು ಬಿಡಿಸಿದರು, ಮೂವರ ಫೀಸೂ ಹೋಯಿತು. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟರ ಮಕ್ಕಳಿಗೇ ಆಟವನ್ನು ಮುಂದಿಟ್ಟಿದೆ ಅಂದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮನೆಯಲ್ಲಿ ಉಪ್ಪಿನಕಾಯಿ ಜಾಡಿಯ ಮುಚ್ಚಳವನ್ನು ಮಗು ತಾನೇ ತಿರುಗಿಸಿದ ಮೇಲೆ ಉಳಿದವರ ಬಾಯಿ ಮುಚ್ಚಿತು. ಜಾಡಿ ಮೇಲಿನ ಶೆಲ್ಫಿಗೆ ಹೋಯಿತು, ಅದು ಬೇರೆ ವಿಷಯ.

ಹತ್ತನೇ ದಿನ ಬೆಕ್ಕು, ಲೋಟ ಚೀಲ ಸೇರುತ್ತವೆ. ಹಗ್ಗ, ಕ್ಲಿಪ್ಪುಗಳನ್ನು ಮಾತ್ರ ಇನ್ನೊಂದು ವಾರ ಕೆಳಗೇ ಬಿಡುತ್ತೇವೆ. ತಡವಾಗಿ ಕೈ ಕೂಡುವ ಒಂದೆರಡು ಮಕ್ಕಳು ಆ ವಾರದಲ್ಲೇ ಅದನ್ನು ಹಿಡಿಯುತ್ತವೆ.