ಕಾರಿನ ಆಕ್ಸಿಜನ್ ಸೆನ್ಸರ್: ಆಯ್ಕೆ ಮತ್ತು ವೈರ್ ಜೋಡಣೆ

ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಹೊತ್ತಿದರೆ ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಈ ಸೆನ್ಸರನ್ನು ಹೊಸದಾಗಿ ಕೊಳ್ಳುವ ಮೊದಲು ಗ್ಯಾರೇಜಿನ ಸ್ಕ್ಯಾನರ್‌ನಿಂದ ಕೋಡ್ ಓದಿಸಬೇಕು. ಪಿ0135 ಎಂದು ಬಂದರೆ ಎಂಜಿನ್ ಕಡೆಗಿರುವ ಮುಂದಿನ ಸೆನ್ಸರನ್ನು ಬಿಸಿ ಮಾಡುವ ಹೀಟರ್ ಸರ್ಕ್ಯೂಟಿನಲ್ಲಿ ದೋಷವಿದೆ ಎಂದರ್ಥ. ಅದು ಸುಟ್ಟ ಫ್ಯೂಸ್ ಅಥವಾ ತುಂಡಾದ ವೈರ್ ಕೂಡ ಆಗಿರಬಹುದು. ಇಂಧನಕ್ಕೆ ಹೋಲಿಸಿದರೆ ಗಾಳಿ ಹೆಚ್ಚಾಗಿದೆ ಎನ್ನುವ ಪಿ0171 ಬಂದರೆ ಗಾಳಿ ಅಥವಾ ಸೈಲೆನ್ಸರ್ ಪೈಪಿನ ಸೋರಿಕೆಯನ್ನು ಮೊದಲು ಹುಡುಕುವುದು ಲೇಸು.

ಹೊಗೆಯ ವಿಷಾನಿಲಗಳನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಮುಂದಿನ ಸೆನ್ಸರ್ ಮತ್ತು ಹಿಂದಿನ ಸೆನ್ಸರ್ ನೋಡಲು ಒಂದೇ ರೀತಿ ಇದ್ದರೂ ಒಂದರ ಜಾಗಕ್ಕೆ ಇನ್ನೊಂದು ಸಲ್ಲದಿರಬಹುದು. ಆದ್ದರಿಂದ ಹಳೆಯದರ ಮೇಲಿನ ಪಾರ್ಟ್ ನಂಬರ್ ಬರೆದುಕೊಂಡೇ ಅಂಗಡಿಗೆ ಹೋಗಬೇಕು. ಗಾಳಿ-ಇಂಧನದ ಪ್ರಮಾಣವನ್ನು ಹೆಚ್ಚು ನಿಖರವಾಗಿ ಅಳೆಯುವ ಐದು ವೈರಿನ ವೈಡ್‌ಬ್ಯಾಂಡ್ ಸೆನ್ಸರ್ ಇರುವಲ್ಲಿ ನಾಲ್ಕು ವೈರಿನ ಸಾಮಾನ್ಯ ಸೆನ್ಸರ್ ಖಂಡಿತ ಕೆಲಸ ಮಾಡದು. ಬೆಲೆ ಹೆಚ್ಚಾದರೂ ಕಾರಿನ ಮಾದರಿಗೆ ಸರಿಯಾದ ಕಪ್ಲರ್ (ವೈರಿನ ತುದಿಯ ಪ್ಲಗ್) ಜೋಡಿಸಿಯೇ ಬರುವ ಸೆನ್ಸರನ್ನು ಕೊಳ್ಳಿರಿ ಎಂಬುದೇ ನನ್ನ ಸಲಹೆ.

ಅದು ಸಿಗದೆ, ಕಪ್ಲರ್ ಇಲ್ಲದೆ ಬರುವ ಯುನಿವರ್ಸಲ್ ಸೆನ್ಸರ್ ತಂದರೆ, ಹಳೆಯ ಕಪ್ಲರನ್ನು ಕತ್ತರಿಸಿ ಬಳಸಬೇಕಾಗುತ್ತದೆ. ಬ್ಯಾಟರಿಯ ನೆಗೆಟಿವ್ ಕಳಚಿದ ಮೇಲೆಯೇ ಕೆಲಸ ಆರಂಭಿಸಿರಿ. ಬಾಷ್ ಸೆನ್ಸರ್‌ನಲ್ಲಿ ಸಾಮಾನ್ಯವಾಗಿ ಎರಡು ಬಿಳಿ ವೈರುಗಳು ಹೀಟರಿನವು, ಕಪ್ಪು ಸಿಗ್ನಲ್, ಬೂದು ಸಿಗ್ನಲ್‌ನ ಅರ್ಥ್. ಡೆನ್ಸೊದಲ್ಲಿ ಎರಡು ಕಪ್ಪು ವೈರುಗಳು ಹೀಟರಿನವು, ನೀಲಿ ಸಿಗ್ನಲ್, ಬಿಳಿ ಅರ್ಥ್. ಹೀಗಾಗಿ ಬಣ್ಣಕ್ಕೆ ಬಣ್ಣ ಸೇರಿಸದೆ ಕೆಲಸಕ್ಕೆ ಕೆಲಸ ಹೊಂದಿಸಬೇಕು. ಅನುಮಾನ ಬಂದಲ್ಲಿ ಮಲ್ಟಿಮೀಟರ್ ಹಿಡಿದರೆ, ಒಂದೇ ಬಣ್ಣದ ಜೋಡಿಯ ನಡುವೆ ಕೆಲವೇ ಓಮ್‌ಗಳ ರೋಧ ತೋರಿ ಹೀಟರ್ ಯಾವುದೆಂಬುದು ತಿಳಿಯುತ್ತದೆ.

ಇಲ್ಲಿ ಸೋಲ್ಡರ್ ಮಾಡಲೇಬಾರದು. ಹೊಗೆಯೊಂದಿಗೆ ಹೋಲಿಸಲು ಬೇಕಾದ ಹೊರಗಿನ ಗಾಳಿ ಅನೇಕ ಸೆನ್ಸರ್‌ಗಳಿಗೆ ವೈರಿನ ಎಳೆಗಳ ನಡುವಿನಿಂದಲೇ ತಲುಪುತ್ತದೆ. ಸೋಲ್ಡರ್ ಮತ್ತು ಫ್ಲಕ್ಸ್ ಆ ದಾರಿಯನ್ನು ಮುಚ್ಚುತ್ತವೆ. ಅದೇ ಕಾರಣಕ್ಕೆ ಕಪ್ಲರಿನೊಳಗೆ ಗ್ರೀಸನ್ನಾಗಲಿ ಸ್ಪ್ರೇಯನ್ನಾಗಲಿ ಹಾಕಬಾರದು. ಪ್ರತಿ ವೈರನ್ನು ಕ್ರಿಂಪ್ ಕನೆಕ್ಟರಿನಿಂದ ಒತ್ತಿ, ಜಾಯಿಂಟುಗಳು ಒಂದರ ಪಕ್ಕ ಒಂದು ಬರದಂತೆ ಹಿಂದೆಮುಂದೆ ಇರಿಸಿ, ಒಳಬದಿಗೆ ಅಂಟು ಸವರಿರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಸ್ಲೀವ್ ಹೊದಿಸಬೇಕು. ಬೆಳಗಾವಿಯ ಮಳೆಗಾಲದಲ್ಲಿ, ಅದರಲ್ಲೂ ಖಾನಾಪುರದ ಕಡೆ ಓಡಾಡುವ ಕಾರಿಗೆ, ಕೆಳಗಿನಿಂದ ಸಿಡಿಯುವ ನೀರು ಜಾಯಿಂಟಿಗೆ ತಾಗದಂತೆ ವೈರನ್ನು ಎತ್ತರದಲ್ಲಿ, ಬಿಸಿ ಪೈಪಿನಿಂದ ದೂರಕ್ಕೆ ಕಟ್ಟುವುದು ಅಗತ್ಯ.

ಹಳೆಯ ಸೆನ್ಸರ್ ಬಿಚ್ಚಲು, ವೈರ್ ಹಾಯುವಂತೆ ಸೀಳು ಇರುವ 22 ಮಿ.ಮೀ. ಸಾಕೆಟ್ ಬೇಕು. ಹೊಸದರ ಥ್ರೆಡ್‌ಗೆ, ಅದು ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್ ಹಚ್ಚಿಯೇ ಬಂದಿದ್ದರೆ ಮತ್ತೆ ಹಚ್ಚಬಾರದು; ಸೆನ್ಸರ್‌ನ ತುದಿಗೆ ಪೇಸ್ಟ್ ತಾಗಲೇಕೂಡದು.

ಎಂಜಿನ್ ಬಿಸಿಯಾದ ಮೇಲೆ ನಾಲ್ಕು ವೈರಿನ ಮುಂದಿನ ಸೆನ್ಸರ್‌ನ ರೀಡಿಂಗ್ 0.1 ಮತ್ತು 0.9 ವೋಲ್ಟ್‌ಗಳ ನಡುವೆ ಬೇಗಬೇಗ ಏರಿಳಿಯಬೇಕು. ಹಿಂದಿನದು ಹೆಚ್ಚು ಕಡಿಮೆ ಸ್ಥಿರವಾಗಿರಬೇಕು; ಅದೂ ಮುಂದಿನದರಂತೆಯೇ ಕುಣಿಯುತ್ತಿದ್ದರೆ ಕನ್ವರ್ಟರನ್ನು ಪರೀಕ್ಷಿಸಿಕೊಳ್ಳಿರಿ.