ಸೇರಿದವರೆಷ್ಟು, ಮುಗಿಸಿದವರೆಷ್ಟು? ಅಮೆರಿಕದಲ್ಲಿ ನರ್ಸ್ ಅನಸ್ತೇಶಿಯಾ ಕೋರ್ಸಿಗೆ ಅರ್ಜಿ ಹಾಕುವ ಮುನ್ನ

ನಮ್ಮೂರಲ್ಲಿ ಆಪರೇಷನ್ ಮಾಡುವಾಗ ಅನಸ್ತೇಶಿಯಾ ಕೊಡುವವರು ಡಾಕ್ಟರ್. ಅಮೆರಿಕದಲ್ಲಿ ಡಾಕ್ಟರ್‌ಗಳ ಜೊತೆಗೆ ನರ್ಸ್‌ಗಳೂ ಕೊಡುತ್ತಾರೆ, ಅದೂ ನೂರು ವರ್ಷಕ್ಕೂ ಹಿಂದಿನಿಂದ. ಅವರಿಗೆ ಸಿಆರ್‌ಎನ್‌ಎ ಅನ್ನುತ್ತಾರೆ. ಹಳ್ಳಿ ಕಡೆಯ ಎಷ್ಟೋ ಸಣ್ಣ ಆಸ್ಪತ್ರೆಗಳಲ್ಲಿ ಈ ಕೆಲಸಕ್ಕೆ ಇರುವವರು ಅವರು ಮಾತ್ರ. ಸಂಬಳ ವರ್ಷಕ್ಕೆ ಸುಮಾರು 2 ಲಕ್ಷ ಡಾಲರ್. ಅದನ್ನು ಕೇಳಿದ ಮೇಲೇ ಜನ ನನಗೆ ಮೆಸೇಜ್ ಮಾಡುವುದು. ತಪ್ಪೇನಿಲ್ಲ ಬಿಡಿ, ನಾನೂ ಮೊದಲು ಕೇಳಿದ್ದು ಅದನ್ನೇ.

ಕರ್ನಾಟಕದಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿ, ಅಮೆರಿಕದ ನರ್ಸ್ ಲೈಸೆನ್ಸಿಗೆ ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆ ಬರೆದು, ಟೆಕ್ಸಸ್‌ನಲ್ಲಿ ನಾಲ್ಕು ವರ್ಷ ಹಾರ್ಟ್ ಐಸಿಯುನಲ್ಲಿ ದುಡಿದು, ಮೊದಲ ಸಲ ಎಲ್ಲ ಕಡೆ ಬೇಡ ಅನ್ನಿಸಿಕೊಂಡು, ಎರಡನೇ ಸಲ ಸೀಟು ಸಿಕ್ಕಿ ಈಗ ಎರಡನೇ ವರ್ಷದಲ್ಲಿದ್ದೇನೆ. ಆ ಮೊದಲ ಸಲ ಮಾಡಿದ ತಪ್ಪುಗಳೇ ಈ ಲೇಖನದ ಬಂಡವಾಳ.

ಮೊದಲು, ನೀವು ಅರ್ಜಿ ಹಾಕಬಹುದಾ?

ಕನಿಷ್ಠ ಅರ್ಹತೆ ಮೂರು. ಅಮೆರಿಕದ ಆರ್‌ಎನ್ (ನೋಂದಾಯಿತ ನರ್ಸ್) ಲೈಸೆನ್ಸ್, ಒಂದು ಡಿಗ್ರಿ, ಕಡಿಮೆ ಅಂದರೂ ಒಂದು ವರ್ಷ ಫುಲ್ ಟೈಮ್ ಐಸಿಯು ಕೆಲಸ. ಜಿಎನ್‌ಎಂ ಮಾಡಿದವರಿಗೆ ಅದು ಡಿಪ್ಲೊಮಾ, ಹಾಗಾಗಿ ಮೊದಲು ಡಿಗ್ರಿ ಮಾಡಿಕೊಳ್ಳಬೇಕು. ಇನ್ನೊಂದು ಗೊಂದಲ ಪದೇ ಪದೇ ಬರುತ್ತದೆ: ರಾಜೀವ್ ಗಾಂಧಿ ವಿವಿಯ ಬಿಎಸ್ಸಿ ಅನಸ್ತೇಶಿಯಾ ಟೆಕ್ನಾಲಜಿ ಓದಿದವರು "ನಮ್ಮದೂ ಅನಸ್ತೇಶಿಯಾನೇ ಅಲ್ವಾ" ಅಂತ ಕೇಳುತ್ತಾರೆ. ಅಲ್ಲ. ಇದು ನರ್ಸ್‌ಗಳಿಗೆ ಮಾತ್ರ ಇರುವ ದಾರಿ. ನಿಮಗೆ ಅನಸ್ತೇಶಿಯಾಲಜಿಸ್ಟ್ ಅಸಿಸ್ಟೆಂಟ್ ಅನ್ನುವ ಬೇರೆಯದೇ ಕೋರ್ಸ್ ಇದೆ, ಅದನ್ನು ನೋಡಿ.

2022ರಿಂದ ಹೊಸದಾಗಿ ಸೇರುವವರೆಲ್ಲ ಡಾಕ್ಟರೇಟ್ ಮಟ್ಟದ ಕೋರ್ಸನ್ನೇ ಓದಬೇಕು. ಕಡಿಮೆ ಅಂದರೂ 36 ತಿಂಗಳು. ಯಾವುದೋ ಹಳೇ ವಿಡಿಯೊ ನೋಡಿ ಎರಡು ವರ್ಷದ ಮಾಸ್ಟರ್ಸ್ ಅಂದುಕೊಂಡಿದ್ದರೆ ಮರೆತುಬಿಡಿ.

ಐಸಿಯು ಅಂದರೆ ಎಂಥ ಐಸಿಯು

ಒಂದು ವರ್ಷ ಅನ್ನುವುದು ಕಾಗದದ ಮೇಲಿನ ಲೆಕ್ಕ. ನನ್ನ ಬ್ಯಾಚಿನಲ್ಲಿ ಎರಡು ವರ್ಷಕ್ಕಿಂತ ಕಡಿಮೆ ಅನುಭವ ಇರುವವರು ಯಾರೂ ಇಲ್ಲ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಐಸಿಯುನಲ್ಲಿ ಕಳೆದ ವರ್ಷಗಳು ನಿಮ್ಮ ಕೈ ಪಳಗಿಸಿರುತ್ತವೆ, ಆದರೆ ಈ ಕೋರ್ಸ್ ನಡೆಸುವ ಶಾಲೆಗಳು ಅಮೆರಿಕದ ಅನುಭವವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಎಮರ್ಜೆನ್ಸಿ ವಾರ್ಡ್ ಕೆಲಸವನ್ನು ಕೆಲವರು ಒಪ್ಪುತ್ತಾರೆ, ಸುಮಾರು ಜನ ಒಪ್ಪುವುದಿಲ್ಲ.

ಅವರು ನೋಡುವುದು ನಿಮ್ಮ ಪೇಷಂಟ್ ಎಂಥವರು ಅನ್ನುವುದನ್ನು. ವೆಂಟಿಲೇಟರ್ ಮೇಲಿದ್ದಾರಾ? ಬಿಪಿ ಏರಿಸುವ ಡ್ರಿಪ್‌ಗಳನ್ನು ನಿಮಿಷ ನಿಮಿಷಕ್ಕೂ ಏರಿಸಿ ಇಳಿಸುವುದು ನೀವೇನಾ? ಕ್ಷಣ ಕ್ಷಣದ ಬಿಪಿ ತೋರಿಸುವ ಆರ್ಟರಿ ಲೈನ್ ಇರುತ್ತದಾ? ಇದಕ್ಕೆಲ್ಲ ಇಲ್ಲ ಅನ್ನುವ ಉತ್ತರ ಬಂದರೆ ಅರ್ಜಿಗಿಂತ ಮೊದಲು ವಾರ್ಡ್ ಬದಲಿಸಿ. ಜೊತೆಗೆ ಐಸಿಯು ನರ್ಸ್‌ಗಳಿಗೆ ಇರುವ ಸಿಸಿಆರ್‌ಎನ್ ಪರೀಕ್ಷೆ ಪಾಸು ಮಾಡಿಕೊಳ್ಳಿ. ಅದನ್ನು ಬರೆಯಲು ಹಿಂದಿನ ಎರಡು ವರ್ಷದಲ್ಲಿ 1750 ಗಂಟೆ ಐಸಿಯು ಪೇಷಂಟ್‌ಗಳನ್ನು ನೋಡಿಕೊಂಡಿರಬೇಕು, ಇಲ್ಲವೇ ಐದು ವರ್ಷದಲ್ಲಿ 2000 ಗಂಟೆ. ಕೆಲವು ಶಾಲೆಗಳು ಇದನ್ನು ಕಡ್ಡಾಯ ಮಾಡಿವೆ, ಉಳಿದ ಕಡೆಯೂ ಇದ್ದರೆ ಒಳ್ಳೆಯದೇ.

ಮಾರ್ಕ್ಸ್ ವಿಚಾರ ಸ್ವಲ್ಪ ತಲೆನೋವು. ನಮ್ಮ ನರ್ಸಿಂಗ್ ಕಾಲೇಜಿನಲ್ಲಿ 65 ಬಂದರೆ ಮನೆಯಲ್ಲಿ ಪಾಯಸ, ಅಲ್ಲಿಯವರಿಗೆ 65 ಅಂದರೆ ಫೇಲಿನ ಪಕ್ಕದ ಮನೆ. ಅದಕ್ಕೇ ಒಂದೊಂದು ವಿಷಯದ ಅಂಕವನ್ನೂ ಅಲ್ಲಿಯ ಅಳತೆಗೆ ತಂದು ತೋರಿಸುವ ಮೌಲ್ಯಮಾಪನ ಮಾಡಿಸಬೇಕು. ಕಾಲೇಜಿನಿಂದ ಟ್ರಾನ್ಸ್‌ಕ್ರಿಪ್ಟ್ (ಅಂಕಗಳ ದಾಖಲೆ) ತರಿಸುವ ಕೆಲಸ ಆರು ತಿಂಗಳು ಮೊದಲೇ ಶುರು ಮಾಡಿ. ಸಾಮಾನ್ಯವಾಗಿ 4ಕ್ಕೆ 3 ಜಿಪಿಎ (ಸರಾಸರಿ ಗ್ರೇಡ್) ಕೇಳುತ್ತಾರೆ, ಸೈನ್ಸ್ ವಿಷಯಗಳನ್ನು ಬೇರೆಯಾಗಿ ಲೆಕ್ಕ ಹಾಕುವವರೂ ಇದ್ದಾರೆ. ಕೆಮಿಸ್ಟ್ರಿ ಓದಿ ಹತ್ತು ವರ್ಷ ಆಗಿದ್ದರೆ ಅದು ಹಳತಾಯಿತು ಅನ್ನಬಹುದು. ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಇನ್ನೊಮ್ಮೆ ಓದಿ ಎ ಗ್ರೇಡ್ ತಗೊಳ್ಳಿ. ನಾನು ರಾತ್ರಿ ಡ್ಯೂಟಿ ಮುಗಿಸಿ ಹೋಗಿ ಓದಿದೆ. ನಿದ್ದೆ ಕೆಟ್ಟಿದ್ದು ನಿಜ, ಆದರೆ ಇಂಟರ್‌ವ್ಯೂನಲ್ಲಿ ಅವರು ಮೆಚ್ಚಿ ಮಾತಾಡಿದ್ದು ಅದೊಂದರ ಬಗ್ಗೆಯೇ.

ಒಂದು ದಿನ ಜೊತೆಯಲ್ಲಿ ನಿಂತು ನೋಡಿ

ಸಿಆರ್‌ಎನ್‌ಎ ಒಬ್ಬರ ಜೊತೆ ಆಪರೇಷನ್ ಥಿಯೇಟರಿನಲ್ಲಿ ನಿಂತು ನೋಡಿದ್ದೀರಾ ಅಂತ ಕೇಳುತ್ತಾರೆ. ಸುಮ್ನೆ ಗಂಟೆ ತುಂಬಿಸಲು ಹೋಗಬೇಡಿ. ನಾನು ಹೋದ ದಿನ ಬೆಳಗ್ಗೆ ಆರೂಕಾಲಿಗೆ ಆಕೆ ಮೊದಲು ಸಕ್ಷನ್ ಆನ್ ಮಾಡಿ ಪೈಪಿನ ತುದಿಯನ್ನು ಹೆಬ್ಬೆರಳಿಗೆ ಒತ್ತಿ ನೋಡಿದರು. ಆಮೇಲೆ ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪ್ ಬಿಡಿಸಿ ದೀಪ ಹತ್ತುತ್ತದಾ ಅಂತ ನೋಡಿದರು, ಮಡಚಿದರು, ಮತ್ತೆ ಬಿಡಿಸಿದರು. ಪ್ರಜ್ಞೆ ತಪ್ಪಿಸುವ, ಹಾಲಿನಂತಿರುವ ಪ್ರೊಪೊಫಾಲ್ ಔಷಧಿ ಸಿರಿಂಜಿಗೆ ಎಳೆದು ಲೇಬಲ್ ಅಂಟಿಸಿದರು. ಪೇಷಂಟ್ ಒಳಗೆ ಬರುವ ಮೊದಲೇ ಇಷ್ಟೆಲ್ಲ ಆಗಿತ್ತು. ಆಮೇಲೆ ಮೂರು ಗಂಟೆ ಅವರು ಪೇಷಂಟ್ ತಲೆಯ ಹತ್ತಿರದಿಂದ ಕದಲಲಿಲ್ಲ. ಐಸಿಯುನಲ್ಲಿ ಓಡಾಡಿ ರೂಢಿಯಾದ ನನಗೆ ಆ ನಿಂತಲ್ಲೇ ನಿಲ್ಲುವುದೇ ಕಷ್ಟ ಅನ್ನಿಸಿತು. ನಿಮಗೆ ಅದು ಹಿಡಿಸದಿದ್ದರೆ ಈಗಲೇ ಗೊತ್ತಾಗುವುದು ಒಳ್ಳೆಯದು.

ಶಾಲೆ ಆರಿಸುವುದು

ನಾನು ಮೊದಲ ಸಲ ಎಡವಿದ್ದು ಇಲ್ಲೇ. ರ‍್ಯಾಂಕಿಂಗ್ ಪಟ್ಟಿ ತೆಗೆದು ಮೇಲಿನಿಂದ ಐದು ಹೆಸರಿಗೆ ಟಿಕ್ ಹಾಕಿದ್ದೆ. ಹಾಗೆ ಮಾಡಬೇಡಿ.

ಈ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಸಿಒಎ. ಅದರ ಪಟ್ಟಿಯಲ್ಲಿ ಇಲ್ಲದ ಶಾಲೆಯ ಕಡೆ ತಿರುಗಿಯೂ ನೋಡಬೇಡಿ. ಪಟ್ಟಿಯಲ್ಲಿರುವ ಪ್ರತಿ ಶಾಲೆಯೂ ಮೂರು ಅಂಕಿಗಳನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಲೇಬೇಕು: ಕೋರ್ಸ್ ಮುಗಿಸಿ ಸಿಆರ್‌ಎನ್‌ಎ ಆಗಲು ಬರೆಯುವ ಬೋರ್ಡ್ ಪರೀಕ್ಷೆಯನ್ನು ಮೊದಲ ಪ್ರಯತ್ನದಲ್ಲಿ ಪಾಸಾದವರ ಪ್ರಮಾಣ, ಮಧ್ಯದಲ್ಲಿ ಬಿಟ್ಟವರ ಪ್ರಮಾಣ, ಕೆಲಸ ಸಿಕ್ಕಿದವರ ಪ್ರಮಾಣ. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಬರುವುದು ಮೊದಲನೆಯದು. ನೀವು ಓದಬೇಕಾದದ್ದು ಎರಡನೆಯದು.

ಒಂದು ಲೆಕ್ಕ ಮಾಡೋಣ. 25 ಜನ ಸೇರಿದರು ಅಂತಿಟ್ಟುಕೊಳ್ಳಿ. ನಾಲ್ವರು ಮಧ್ಯದಲ್ಲೇ ಹೋದರು. 21 ಜನ ಪರೀಕ್ಷೆ ಬರೆದು 20 ಜನ ಪಾಸಾದರು. ಶಾಲೆ 95 ಪರ್ಸೆಂಟ್ ಫಲಿತಾಂಶ ಅನ್ನುತ್ತದೆ, ಸುಳ್ಳೇನಲ್ಲ. ಆದರೆ ಸೇರಿದ ಐವರಲ್ಲಿ ಒಬ್ಬರು ಮೊದಲ ಏಟಿಗೆ ದಡ ಸೇರಲಿಲ್ಲ, ಮಧ್ಯದಲ್ಲಿ ಹೋದವರ ತಲೆ ಮೇಲಿನ ಸಾಲವೂ ಅವರ ಜೊತೆಗೇ ಹೋಯಿತು. ಬ್ಯಾಚ್ ಚಿಕ್ಕದಾಗಿದ್ದರೆ ಒಂದೇ ವರ್ಷದ ಅಂಕಿ ನಂಬಬೇಡಿ, ಹತ್ತು ಜನರಲ್ಲಿ ಒಬ್ಬರು ಹೋದರೂ ಅದು ಹತ್ತು ಪರ್ಸೆಂಟ್. ಮೂರು ನಾಲ್ಕು ವರ್ಷದ್ದು ಒಟ್ಟಿಗೆ ನೋಡಿ.

ಆಮೇಲೆ ಕೇಸುಗಳು. ಕೋರ್ಸ್ ಮುಗಿಯುವಷ್ಟರಲ್ಲಿ ಕನಿಷ್ಠ 600 ಕೇಸ್, 2000 ಗಂಟೆ ಕ್ಲಿನಿಕಲ್ ಆಗಬೇಕು. ಎಲ್ಲ ಶಾಲೆಯಲ್ಲೂ ಆಗುತ್ತದೆ, ಪ್ರಶ್ನೆ ಯಾವ ಕೇಸ್ ಅನ್ನುವುದು. ಹೆರಿಗೆ ವಾರ್ಡಿನಲ್ಲಿ ನೋವು ಕಡಿಮೆ ಮಾಡಲು ಬೆನ್ನಿಗೆ ಕೊಡುವ ಎಪಿಡ್ಯೂರಲ್ ಹಾಕುವವರು ವಿದ್ಯಾರ್ಥಿ ನರ್ಸಾ, ಅಥವಾ ಅಲ್ಲೇ ಪಿಜಿ ಮಾಡುತ್ತಿರುವ ಡಾಕ್ಟರಾ? ದೊಡ್ಡ ಹೆಸರಿನ ಆಸ್ಪತ್ರೆಯಲ್ಲಿ ಪಿಜಿಗಳು ಜಾಸ್ತಿ, ಹಾರ್ಟ್ ಆಪರೇಷನ್ನು, ನರ್ವ್ ಬ್ಲಾಕು (ಒಂದು ಭಾಗದ ನರವನ್ನಷ್ಟೇ ಮರಗಟ್ಟಿಸುವುದು) ಅವರ ಪಾಲಿಗೆ ಹೋಗಿ ನಿಮಗೆ ಉಳಿದದ್ದು ಸಿಗಬಹುದು. ಕ್ಲಿನಿಕಲ್ ಜಾಗ ಎಷ್ಟು ದೂರ, ಊರು ಬಿಟ್ಟು ಹೋಗಬೇಕಾದರೆ ರೂಮಿನ ಬಾಡಿಗೆ ಯಾರು ಕೊಡುತ್ತಾರೆ, ಇದನ್ನೂ ಕೇಳಿ. ಕೆಲವು ಶಾಲೆ ಮೊದಲು ಪಾಠ ಮುಗಿಸಿ ಆಮೇಲೆ ಥಿಯೇಟರಿಗೆ ಕಳಿಸುತ್ತವೆ, ಕೆಲವು ಎರಡನ್ನೂ ಒಟ್ಟಿಗೆ ನಡೆಸುತ್ತವೆ. ಮಕ್ಕಳಿರುವ ನನಗೆ ಮೊದಲನೆಯದೇ ಸರಿಹೋಯಿತು.

ದುಡ್ಡಿನ ಲೆಕ್ಕದಲ್ಲಿ ಫೀಸ್ ಮಾತ್ರ ನೋಡಬೇಡಿ. ಮೂರು ವರ್ಷ ಕೆಲಸ ಮಾಡುವುದು ಹೆಚ್ಚುಕಡಿಮೆ ಆಗದ ಮಾತು. ಈಗ ವರ್ಷಕ್ಕೆ 80 ಸಾವಿರ ಡಾಲರ್ ಬರುತ್ತಿದ್ದರೆ ಕೈ ಬಿಟ್ಟುಹೋಗುವುದೇ 2.4 ಲಕ್ಷ. ಸರ್ಕಾರಿ ಸಾಲ ಬೇಕಾದರೆ ಅಲ್ಲಿಯ ಪ್ರಜೆಯಾಗಿರಬೇಕು ಅಥವಾ ಗ್ರೀನ್ ಕಾರ್ಡ್ ಇರಬೇಕು. ಅದರ ಮೇಲೆ 2025ರ ಕಾನೂನಿನ ಪ್ರಕಾರ, 2026ರ ಜುಲೈ 1ರಿಂದ ಹೊಸಬರಿಗೆ ಡಿಗ್ರಿಯ ನಂತರದ ಓದಿಗೆ ಸರ್ಕಾರ ಕೊಡುತ್ತಿದ್ದ ಗ್ರ್ಯಾಡ್ ಪ್ಲಸ್ ಸಾಲ ಇಲ್ಲ, ಉಳಿದ ಸಾಲಕ್ಕೂ ಮಿತಿ ಹಾಕಿದ್ದಾರೆ. ನಿಮ್ಮ ಕೋರ್ಸಿಗೆ ಎಷ್ಟರ ಮಿತಿ ಅಂತ ಶಾಲೆಯ ಫೈನಾನ್ಶಿಯಲ್ ಏಡ್ ಆಫೀಸಿನಿಂದ ಇಮೇಲ್‌ನಲ್ಲಿ ಬರೆಸಿಕೊಳ್ಳಿ, ಬಾಯಿಮಾತು ಸಾಲದು.

ಅರ್ಜಿ, ಇಂಟರ್‌ವ್ಯೂ

ಹಲವು ಶಾಲೆಗಳು ನರ್ಸಿಂಗ್‌ಕ್ಯಾಸ್ ಅನ್ನುವ, ಹಲವು ಶಾಲೆಗೆ ಒಂದೇ ಕಡೆ ಅರ್ಜಿ ಹಾಕುವ ವೆಬ್‌ಸೈಟ್ ಮೂಲಕ ಅರ್ಜಿ ತೆಗೆದುಕೊಳ್ಳುತ್ತವೆ, ಉಳಿದವಕ್ಕೆ ಅವರದೇ ಫಾರ್ಮು. ನಾಲ್ಕೈದು ಕಡೆ ಹಾಕಿ, ಕೊನೇ ದಿನಾಂಕಗಳನ್ನು ಫ್ರಿಜ್ ಮೇಲೆ ಅಂಟಿಸಿ. ಶಿಫಾರಸು ಪತ್ರ ಕೊಡುವವರಿಗೆ ಕೊನೇ ದಿನಕ್ಕಿಂತ ಎರಡು ವಾರ ಮೊದಲಿನ ದಿನ ಹೇಳಿ. ಮೊದಲ ವರ್ಷ ನನ್ನ ಮ್ಯಾನೇಜರ್ ಪತ್ರ ಮೂರು ದಿನ ತಡವಾಗಿ ಹೋಯಿತು, ಎರಡು ಅರ್ಜಿ ಅಪೂರ್ಣ ಅಂತ ಪಕ್ಕಕ್ಕಿಟ್ಟರು. ನೆನಪಿಸಲು ಸಂಕೋಚಪಟ್ಟ ತಪ್ಪು ನನ್ನದೇ.

ನಿಮ್ಮ ಬಗ್ಗೆ ಬರೆಯುವ ಪ್ರಬಂಧದಲ್ಲಿ ಚಿಕ್ಕಂದಿನಿಂದ ಸೇವೆ ಮಾಡುವ ಆಸೆ ಅಂತ ಶುರು ಮಾಡಬೇಡಿ, ಎಲ್ಲರೂ ಅದನ್ನೇ ಬರೆಯುತ್ತಾರೆ. ಒಂದು ರಾತ್ರಿ ಡ್ಯೂಟಿಯಲ್ಲಿ ನೀವು ಏನು ಗಮನಿಸಿದಿರಿ, ಏನು ಮಾಡಿದಿರಿ, ಅಷ್ಟು ಸಾಕು.

ಇಂಟರ್‌ವ್ಯೂನಲ್ಲಿ ನನಗೆ ಬಿದ್ದ ಪ್ರಶ್ನೆ: ಬಿಪಿ ಏರಿಸುವ ನಾರ್‌ಎಪಿನೆಫ್ರಿನ್ ಔಷಧಿಯ ಡೋಸ್ ಏರಿಸುತ್ತಲೇ ಇದ್ದೀರಿ, ಬಿಪಿ ಏರುತ್ತಿಲ್ಲ, ಯಾಕೆ? ಮೊದಲ ಸಲ ಬಾಯಿಗೆ ಬಂದದ್ದು ಹೇಳಿ ಸಿಕ್ಕಿಬಿದ್ದೆ. ಮರುವರ್ಷ ಹೆಚ್ಚುಕಡಿಮೆ ಅದೇ ಪ್ರಶ್ನೆ ಬಂದಾಗ ಒಂದೊಂದೇ ಹೇಳುತ್ತಾ ಹೋದೆ: ಡ್ರಿಪ್ ಲೈನ್ ಕಳಚಿದೆಯಾ, ದೇಹದಲ್ಲಿ ನೀರು ರಕ್ತ ಸಾಕಷ್ಟಿದೆಯಾ, ಆಸಿಡ್ ಏರಿದೆಯಾ, ಹಾರ್ಟೇ ಸೋತಿದೆಯಾ. ಅದರ ಮುಂದೆ ನನಗೆ ಗೊತ್ತಿಲ್ಲ, ಸೀನಿಯರ್ ಅನ್ನು ಕರೆಯುತ್ತೇನೆ ಅಂದೆ. ಅವರು ಏನೋ ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದರು.

ಎರಡು ಕಡೆ ಸೀಟು ಬಂತು. ವಾಪಸ್ ಬಾರದ ಡೆಪಾಸಿಟ್ಟು ಶುಕ್ರವಾರದೊಳಗೆ ಕಟ್ಟಬೇಕಿತ್ತು. ಬುಧವಾರ ರಾತ್ರಿ ಎರಡೂ ಶಾಲೆಯ ಎರಡನೇ ವರ್ಷದವರಿಗೆ ಫೋನ್ ಮಾಡಿ, ನಿಮ್ಮ ಬ್ಯಾಚಿನಲ್ಲಿ ಎಷ್ಟು ಜನ ಹೋದರು ಅಂತ ಕೇಳಿದೆ. ಒಬ್ಬಳು ತಡವರಿಸಿ ಮಾತು ಬದಲಿಸಿದಳು. ಇನ್ನೊಬ್ಬಳು ಒಂದು ಕ್ಷಣವೂ ಯೋಚಿಸದೆ "ಇಬ್ಬರು" ಅಂದಳು. ಒಬ್ಬ ಹೋಗಿದ್ದು ಯಾಕೆ, ಹೆರಿಗೆಗೆ ಹೋದ ಇನ್ನೊಬ್ಬಳನ್ನು ಮುಂದಿನ ಬ್ಯಾಚಿಗೆ ಮೇಷ್ಟ್ರುಗಳು ಹೇಗೆ ಸೇರಿಸಿಕೊಂಡರು ಅಂತ ಅರ್ಧ ಗಂಟೆ ಹೇಳಿದಳು. ಬೆಳಗ್ಗೆ ಎದ್ದು ಅಲ್ಲಿಗೆ ದುಡ್ಡು ಕಟ್ಟಿದೆ.